ಐದನೇ ನಂಬರ್ ಕೊಠಡಿಯ ಹೊರಗೂ ಒಳಗೂ: ಒಂದು ಐಸಿಟಿಸಿ ಕೇಂದ್ರದ ಅನುಭವ

ಶಿವಮೊಗ್ಗ ಜಿಲ್ಲೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿರುವ ಐಸಿಟಿಸಿಗೆ, ಅಂದರೆ ಎಚ್‌ಐವಿಯ ಸಮಗ್ರ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಕ್ಕೆ, ಕಳೆದ ಆಷಾಢದಲ್ಲಿ ಒಮ್ಮೆ ಮತ್ತು ನವರಾತ್ರಿ ಮುಗಿದ ಮೇಲೆ ಇನ್ನೊಮ್ಮೆ, ನಾನು ಮತ್ತು ನನ್ನನ್ನು ಮದುವೆಯಾಗಲಿರುವವರು ಹೋಗಿ ಬಂದೆವು. ಆಸ್ಪತ್ರೆಯ ಹೆಸರನ್ನು ಬರೆಯುತ್ತಿಲ್ಲ. ಹೇಳಬೇಕಾದ ದೂರುಗಳಿವೆ, ಆದರೆ ಅವೆಲ್ಲ ಹೆಚ್ಚಾಗಿ ಕಟ್ಟಡದ ಮೇಲಿನ ದೂರುಗಳು; ಹೆಸರು ಬರೆದರೆ ಅವು ಒಳಗೆ ಕುಳಿತು ಕೆಲಸ ಮಾಡುವವರ ತಲೆಗೆ ಬರುತ್ತವೆ. ಅಲ್ಲದೆ ಇಂಥ ಕೇಂದ್ರಗಳು ಜಿಲ್ಲಾ ಆಸ್ಪತ್ರೆಗಳಲ್ಲಿಯೂ ತಾಲ್ಲೂಕು ಆಸ್ಪತ್ರೆಗಳಲ್ಲಿಯೂ ಇರುವುದರಿಂದ, ಓದುವವರು ತಮಗೆ ಹತ್ತಿರದ್ದನ್ನು ತಾವೇ ನೋಡಿಕೊಳ್ಳಬಹುದು.

ನನಗೀಗ 32 ವರ್ಷ. ಮೊದಲ ಮದುವೆ ಮುರಿದು ಎರಡೂವರೆ ವರ್ಷವಾಯಿತು. ಮುರಿದದ್ದಕ್ಕಿದ್ದ ಕಾರಣಗಳಲ್ಲಿ ಆತನ ಬೇರೆ ಸಂಬಂಧಗಳೂ ಸೇರಿದ್ದವು ಎಂದು ಹೇಳಿದರೆ, ಪರೀಕ್ಷೆ ನನಗೇಕೆ ಬೇಕಿತ್ತು ಎಂಬುದನ್ನು ಬಿಡಿಸಿ ಹೇಳಬೇಕಾಗುವುದಿಲ್ಲ. ಜೊತೆಗೆ ಬಿಳಿಸೆರಗು ಮತ್ತು ತುರಿಕೆ ಆಗಾಗ ಕಾಡುತ್ತಿದ್ದವು. ಅದಕ್ಕಾಗಿ ಮೆಡಿಕಲ್ ಶಾಪಿನಲ್ಲಿ, ಗಂಡಸರು ಯಾರೂ ನಿಂತಿಲ್ಲವೆಂದು ನೋಡಿಕೊಂಡು, ಅರ್ಧ ಮಾತಿನಲ್ಲಿ ತೊಂದರೆ ಹೇಳಿ ಪಡೆದ ಮಾತ್ರೆಗಳನ್ನು ನಾಲ್ಕಾರು ಬಾರಿ ನುಂಗಿದ್ದೆ. ಎರಡು ದಿನ ಕಡಿಮೆಯಾಗುತ್ತಿತ್ತು, ಮತ್ತೆ ಬರುತ್ತಿತ್ತು.

ಮೊದಲು ನಾನು ಹೋದದ್ದು ಐಸಿಟಿಸಿಗಲ್ಲ, ಒಂದು ಖಾಸಗಿ ಲ್ಯಾಬ್‌ಗೆ. ಹಣ ಕೊಟ್ಟರೆ ಗುಟ್ಟು ಉಳಿಯುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಆ ಲ್ಯಾಬಿನ ಕೌಂಟರಿನಲ್ಲಿದ್ದ ಹುಡುಗ, "ಎಚ್‌ಐವಿ ಒಂದೇನಾ ಮೇಡಂ, ವಿಡಿಆರ್‌ಎಲ್ಲೂ ಸೇರಿಸ್ಲಾ?" ಎಂದು ಹಿಂದಿನ ಸಾಲಿನ ಕುರ್ಚಿಗಳವರೆಗೂ ಕೇಳಿಸುವಂತೆ ಕೇಳಿದ. ವಿಡಿಆರ್‌ಎಲ್ ಎಂದರೆ ಸಿಫಿಲಿಸ್ ಎಂಬ ಲೈಂಗಿಕ ರೋಗದ ರಕ್ತಪರೀಕ್ಷೆ. ರಕ್ತ ತೆಗೆದುಕೊಂಡರು, ಸಂಜೆ ಮೊಬೈಲಿಗೆ ವರದಿ ಬಂತು, ಅದರಲ್ಲಿ "ನಾನ್ ರಿಯಾಕ್ಟಿವ್" ಎಂದು ಎರಡು ಕಡೆ ಬರೆದಿತ್ತು. ಅದರ ಅರ್ಥವೇನೆಂದು ಫೋನು ಮಾಡಿ ಕೇಳಿದರೆ ಡಾಕ್ಟರಿಗೆ ತೋರಿಸಿ ಎಂದರು. ಎಚ್‌ಐವಿ ಪರೀಕ್ಷೆಯನ್ನು ತಿಳಿವಳಿಕೆಯ ಒಪ್ಪಿಗೆ ಪಡೆದೇ ಮಾಡಬೇಕೆಂದು 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಹೇಳುತ್ತದೆ. ಅದು 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ ಮತ್ತು ಖಾಸಗಿಯವರಿಗೂ ಅನ್ವಯಿಸುತ್ತದೆ. ಇದು ನನಗೆ ಆಗ ತಿಳಿದಿರಲಿಲ್ಲ. ಐಸಿಟಿಸಿ ಇರುವ ಐದನೇ ನಂಬರ್ ಕೊಠಡಿಯಲ್ಲಿ ಕುಳಿತ ಮೇಲೆ ತಿಳಿಯಿತು.

ಆ ಕೊಠಡಿಯನ್ನು ತಲುಪುವುದೇ ಈ ಸೇವೆಯ ಅತ್ಯಂತ ಕಷ್ಟದ ಭಾಗ. ಉದ್ದನೆಯ ಕಾರಿಡಾರಿನ ಒಂದು ಕಡೆ ಕಣ್ಣಿನ ವಿಭಾಗದವರು ಕಾಯುವ ಬೆಂಚುಗಳಿವೆ. ಅದರ ನೇರ ಎದುರಿಗೆ, ಬೆಂಚಿನಲ್ಲಿ ಕುಳಿತವರಿಗೆ ಬೇರೆ ಏನೂ ನೋಡಲು ಇಲ್ಲವೆಂಬಂತೆ, ಏಡ್ಸ್‌ನ ಗುರುತಾದ ಕೆಂಪು ರಿಬ್ಬನ್ನಿನ ಚಿತ್ರವಿರುವ ದೊಡ್ಡ ಬೋರ್ಡನ್ನು ಐದನೇ ನಂಬರಿನ ಬಾಗಿಲ ಮೇಲೆ ಹಾಕಿದ್ದಾರೆ. ಬೆಂಗಳೂರಿನಲ್ಲಾದರೆ ಇದು ದೊಡ್ಡ ಸಂಗತಿಯಲ್ಲ. ಮಲೆನಾಡಿನಲ್ಲಿ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರು ಮೊದಲು ಯಾವೂರು ಎಂದು ಕೇಳಿ, ಆಮೇಲೆ ಯಾರ ಮನೆ ಎಂದು ಕೇಳಿ, ಮೂರನೇ ಪ್ರಶ್ನೆಯ ಹೊತ್ತಿಗೆ ನೆಂಟಸ್ತನ ಹುಡುಕಿಬಿಟ್ಟಿರುತ್ತಾರೆ. ಅಂದು ಕೊಡೆ ಮಡಚಿ ನೀರು ಕೊಡವುತ್ತಿದ್ದಾಗ, ತೀರ್ಥಹಳ್ಳಿ ಕಡೆಯ ನಮ್ಮ ದೂರದ ಅತ್ತೆಯೊಬ್ಬರು ಕಣ್ಣಿನ ಪೊರೆ ತೋರಿಸಲು ಬಂದು ಅದೇ ಬೆಂಚಿನಲ್ಲಿ ಕುಳಿತಿದ್ದರು. "ಏನೇ, ನೀ ಇಲ್ಲೆಂತಕ್ಕೆ ಬಂದೆ?" ಎಂದರು. ಬಿಪಿ ತೋರಿಸುವುದಕ್ಕೆ ಎಂದು ಸುಳ್ಳು ಹೇಳಿ ಔಷಧದ ಕೌಂಟರಿನವರೆಗೆ ಸುಮ್ಮನೆ ನಡೆದು, ಅವರನ್ನು ಒಳಗೆ ಕರೆಯುವವರೆಗೆ ಇಪ್ಪತ್ತು ನಿಮಿಷ ಅಲ್ಲೇ ನಿಂತಿದ್ದೆ.

ಇದೇ ಅತ್ತೆ ಮಂಗನ ಕಾಯಿಲೆಯ ಕಾಲದಲ್ಲಿ ಸೊಪ್ಪು ತರಲು ಕಾಡಿಗೆ ಹೋಗುವಾಗ, ಉಣುಗು ಕಚ್ಚದಿರಲೆಂದು ಆರೋಗ್ಯ ಇಲಾಖೆಯವರು ಕೊಟ್ಟ ಎಣ್ಣೆಯನ್ನು ಅಂಗಳದಲ್ಲೇ ಕೈಕಾಲಿಗೆ ಬಳಿದುಕೊಂಡು ಹೊರಡುತ್ತಿದ್ದರು. ಜ್ವರ ಬಂದವರ ರಕ್ತ ಪರೀಕ್ಷೆಗೆ ಹೋದ ಸುದ್ದಿಯನ್ನು ಬೇಲಿಯಾಚೆಗೆ ಕೂಗಿ ಹೇಳುತ್ತಿದ್ದರು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಗುರುತಿಸಿದ ಆ ರೋಗದ ವಿಷಯದಲ್ಲಿ ನಮ್ಮ ಜನಕ್ಕೆ ನಾಚಿಕೆಯೆಂಬುದಿಲ್ಲ. ಕಾಡಿಗೆ ಹೋಗುವ ಮುನ್ನ ಎಣ್ಣೆ ಹಚ್ಚಿಕೊಳ್ಳುವವರು ಕಾಂಡೋಮ್ ಎಂದ ಕೂಡಲೇ ತಲೆ ತಗ್ಗಿಸುವುದೇಕೆಂದು ಔಷಧದ ಕೌಂಟರಿನ ಬಳಿ ನಿಂತು ಯೋಚಿಸಿದ್ದು ನಿಜ. ತಲೆ ತಗ್ಗಿಸಿ ಸುಳ್ಳು ಹೇಳಿದವಳು ಆಗತಾನೆ ನಾನೇ ಆಗಿದ್ದೆ.

ಚೀಟಿ ಮಾಡಿಸುವಲ್ಲಿ ಇನ್ನೊಂದು ತೊಡಕು. ಐದನೇ ನಂಬರ್ ಎಂದ ಕೂಡಲೇ ಅಲ್ಲಿದ್ದವರು ತಲೆ ಎತ್ತದೆ "ಎಷ್ಟು ತಿಂಗಳು?" ಎಂದರು. ಗರ್ಭಿಣಿಯರಿಗೆಲ್ಲ ಎಚ್‌ಐವಿ ಮತ್ತು ಸಿಫಿಲಿಸ್ ಪರೀಕ್ಷೆ ಮಾಡುವುದರಿಂದ, ಆ ಕೊಠಡಿಗೆ ಬರುವ ಹೆಂಗಸರೆಂದರೆ ಬಸುರಿಯರೇ ಎಂಬುದು ಅವರ ರೂಢಿಯ ಲೆಕ್ಕ. ಅಲ್ಲ ಎಂದೆ. ಆಗ ಅವರು ತಲೆ ಎತ್ತಿ ನೋಡಿದರು. ಆ ನೋಟದಲ್ಲಿ ಕೆಟ್ಟದ್ದೇನೂ ಇರಲಿಲ್ಲವೆಂದು ಈಗ ಅನ್ನಿಸುತ್ತದೆ, ಆದರೆ ಆ ದಿನ ಅಲ್ಲಿಂದಲೇ ಹಿಂದಿರುಗಿ ಹೋಗುವಷ್ಟು ಅದು ನನಗೆ ಸಾಕಾಗಿತ್ತು. ನನ್ನ ಹಿಂದೆ ನಿಂತಿದ್ದ, ನನ್ನನ್ನು ಮದುವೆಯಾಗಲಿರುವವರು ಮೆಲ್ಲಗೆ "ಇಬ್ಬರದೂ ಮಾಡಿ ಸಾರ್" ಎಂದದ್ದರಿಂದ ನಾನು ಅಲ್ಲೇ ನಿಂತೆ.

ಬಾಗಿಲು ಹಾಕಿಕೊಂಡ ಮೇಲೆ ಎಲ್ಲವೂ ಬೇರೆಯಾಗಿತ್ತು. ಆಪ್ತಸಮಾಲೋಚಕಿ ನಲವತ್ತೈದರ ಆಸುಪಾಸಿನ ಹೆಂಗಸು. ಮೇಜಿನ ಮೇಲೆ ದಪ್ಪ ರಿಜಿಸ್ಟರು, ಗೋಡೆಗೆ ಚಿತ್ರಪಟಗಳು, ಕಿಟಕಿಯಲ್ಲಿ ಒಣಗಲು ಬಿಟ್ಟ ಕೊಡೆ. ನಮ್ಮಿಬ್ಬರನ್ನು ಒಟ್ಟಿಗೆ ಕೂರಿಸಿ ಮಾತಾಡುವುದಿಲ್ಲವೆಂದು ಮೊದಲೇ ಹೇಳಿ, ಅವರನ್ನು ಹೊರಗೆ ಕಳುಹಿಸಿದರು. "ಮದುವೆ ಆಗೋವ್ರು ಅಂತ ಗೊತ್ತಾಯ್ತು. ಆದ್ರೆ ನಿಮ್ಮ ಮಾತು ನಿಮ್ದು, ಅವ್ರ ಮಾತು ಅವ್ರದು. ಹೇಳ್ಕೊಳ್ಳೋದಿದ್ರೆ ಮನೇಲಿ ನೀವೇ ಹೇಳ್ಕೊಳ್ಳಿ" ಎಂದರು. ನಂತರ ಕೇಳಿದ ಪ್ರಶ್ನೆಗಳನ್ನು ಲ್ಯಾಬಿನವರು ಕೇಳಿರಲಿಲ್ಲ, ಸ್ತ್ರೀರೋಗ ತಜ್ಞರೂ ಎಂದೂ ಕೇಳಿರಲಿಲ್ಲ: ಕೊನೆಯ ಸಂಪರ್ಕ ಯಾವಾಗ, ಕಾಂಡೋಮ್ ಬಳಸಿದ್ದಿರಾ, ರಕ್ತ ಹಾಕಿಸಿಕೊಂಡಿದ್ದೀರಾ, ಹುಣ್ಣು ಅಥವಾ ಸ್ರಾವ ಇತ್ತೇ. ಪ್ರಶ್ನೆಗಳನ್ನು ಹೊಲದ ಪಹಣಿ ಕೇಳುವ ಧಾಟಿಯಲ್ಲಿ, ಏರಿಳಿತವಿಲ್ಲದೆ ಕೇಳಿದರು. ಆ ಧಾಟಿಯಿಂದಲೇ ಉತ್ತರ ಹೇಳುವುದು ನನಗೆ ಸಾಧ್ಯವಾಯಿತು.

"ನಾನ್ ರಿಯಾಕ್ಟಿವ್" ಎಂಬುದರ ಅರ್ಥವನ್ನು ನನಗೆ ಬಿಡಿಸಿ ಹೇಳಿದವರು ಅವರೇ. ಎಚ್‌ಐವಿ ಸೋಂಕು ತಗಲಿದ ಕೂಡಲೇ ರಕ್ತದಲ್ಲಿ ಪ್ರತಿಕಾಯಗಳು ಕಾಣಿಸಿಕೊಳ್ಳುವುದಿಲ್ಲ; ಬೆರಳು ಚುಚ್ಚಿಯೋ ನರದಿಂದಲೋ ರಕ್ತ ತೆಗೆದು ಮಾಡುವ ಕ್ಷಿಪ್ರ ಪರೀಕ್ಷೆಯಲ್ಲಿ ಅವು ಗೋಚರಿಸಲು ಕೆಲವು ವಾರಗಳು ಬೇಕು, ಕೆಲವರಲ್ಲಿ 3 ತಿಂಗಳವರೆಗೂ ಹಿಡಿಯಬಹುದು. ಇದನ್ನು ವಿಂಡೋ ಅವಧಿ ಎನ್ನುತ್ತಾರೆ. ಎರಡೂವರೆ ವರ್ಷದಿಂದ ಯಾವ ಸಂಪರ್ಕವೂ ಇಲ್ಲದ ನನಗೆ ಒಂದು ಪರೀಕ್ಷೆ ಸಾಕು. ಹೋದ ತಿಂಗಳು ಸಂಪರ್ಕವಾದವರಿಗೆ ಇಂದಿನ ಒಳ್ಳೆಯ ವರದಿ ಅರ್ಧ ವರದಿಯಷ್ಟೇ. ಇನ್ನೊಂದು ಕಡೆಯಿಂದ, ಒಂದು ಕಿಟ್ಟಿನಲ್ಲಿ ಗೆರೆ ಬಂದ ಮಾತ್ರಕ್ಕೆ ಸೋಂಕಿದೆ ಎಂದು ಇಲ್ಲಿ ಹೇಳಿಬಿಡುವುದಿಲ್ಲ. ಬೇರೆ ಬೇರೆ ವಿಧದ 3 ಪರೀಕ್ಷೆಗಳಲ್ಲಿ ದೃಢಪಟ್ಟ ಮೇಲೆಯೇ ಹೇಳುತ್ತಾರೆ. ಸೋಂಕಿದ್ದರೆ ಅಲ್ಲಿಂದ, ಎಚ್‌ಐವಿಯನ್ನು ಹತೋಟಿಯಲ್ಲಿಡುವ ಔಷಧ ಕೊಡುವ ಎಆರ್‌ಟಿ ಕೇಂದ್ರಕ್ಕೆ ಕಳುಹಿಸುತ್ತಾರೆ. ಸರ್ಕಾರ ಈ ಔಷಧವನ್ನು 2004ರಿಂದ ಉಚಿತವಾಗಿ ಕೊಡುತ್ತಿದೆ. ತಪ್ಪದೆ ನುಂಗಿ, ರಕ್ತದಲ್ಲಿ ವೈರಾಣು ಪತ್ತೆಯಾಗದಷ್ಟು ಕೆಳಗಿಳಿದು ಹಾಗೆಯೇ ಉಳಿದವರಿಂದ ಲೈಂಗಿಕ ಸಂಪರ್ಕದ ಮೂಲಕ ಇನ್ನೊಬ್ಬರಿಗೆ ಸೋಂಕು ಹರಡುವುದಿಲ್ಲ ಎಂಬ ಸಂಗತಿಯನ್ನು ನಾನು ಮೊದಲ ಬಾರಿ ಕೇಳಿದ್ದು ಆ ಕೊಠಡಿಯಲ್ಲಿ.

ನಂತರ ಡ್ರಾಯರಿನಿಂದ ಮರದ ಮಾದರಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ನಾಲ್ಕು ವರ್ಷ ಸಂಸಾರ ಮಾಡಿದವಳಿಗೆ ಇದೆಲ್ಲ ಗೊತ್ತು ಎಂದೆ. "ಹಾಗಾದ್ರೆ ನೀವೇ ಹಾಕಿ ತೋರ್ಸಿ" ಎಂದರು. ನಾನು ಪೊಟ್ಟಣವನ್ನು ಹಲ್ಲಿನಿಂದ ಹರಿಯಲು ಬಾಯಿಗೆ ಒಯ್ಯುತ್ತಿದ್ದಂತೆಯೇ ಮೊದಲ ತಪ್ಪು ಎಂದು ಎಣಿಸಿದರು. ತೆರೆಯುವ ಮುನ್ನ ಮುಕ್ತಾಯದ ದಿನಾಂಕ ನೋಡಲಿಲ್ಲ, ಪೊಟ್ಟಣ ಒತ್ತಿ ಒಳಗೆ ಗಾಳಿಯಿದೆಯೇ ಎಂದು ನೋಡಲಿಲ್ಲ, ತುದಿಯನ್ನು ಹಿಸುಕಿ ಗಾಳಿ ತೆಗೆಯಲಿಲ್ಲ, ತಲೆಕೆಳಗಾಗಿ ಇಟ್ಟದ್ದನ್ನು ತಿರುಗಿಸಿ ಮತ್ತೆ ಅದನ್ನೇ ಹಾಕಲು ಹೋದೆ. ಹಾಗೆ ತಿರುಗಿಸಿದ್ದನ್ನು ಎಸೆದು ಹೊಸದನ್ನು ತೆಗೆಯಬೇಕು. ಮುಗಿದ ಮೇಲೆ ಬುಡವನ್ನು ಹಿಡಿದುಕೊಂಡೇ ಹೊರತೆಗೆಯಬೇಕೆಂಬುದೂ ನನಗೆ ಗೊತ್ತಿರಲಿಲ್ಲ. ಒಟ್ಟು ಆರು ತಪ್ಪು. ಅವರು ನಗಲಿಲ್ಲ, ನಾನೇ ನಕ್ಕೆ.

ಎಣ್ಣೆಯ ವಿಷಯದಲ್ಲಿ ಅವರು ಹೆಚ್ಚು ಹೊತ್ತು ಮಾತಾಡಿದರು, ಏಕೆಂದರೆ ನಮ್ಮ ಕಡೆ ಮೈಗೆ ಏನಾದರೂ ಒಣಗಿದಂತಾದರೆ ಕೈ ಹೋಗುವುದು ಕೊಬ್ಬರಿ ಎಣ್ಣೆಯ ಬಾಟಲಿಗೆ. ಲೇಟೆಕ್ಸ್ ಕಾಂಡೋಮಿಗೆ ಕೊಬ್ಬರಿ ಎಣ್ಣೆಯಾಗಲಿ ವ್ಯಾಸಲೀನ್ ಆಗಲಿ ತಗಲಿದರೆ ರಬ್ಬರು ಬಲಗುಂದಿ, ಕಣ್ಣಿಗೆ ಕಾಣದ ಹಾಗೆಯೇ ಹರಿಯುವ ಸಾಧ್ಯತೆಯಿದೆ. ಬೇಕಿದ್ದರೆ ನೀರಿನ ಆಧಾರದ ಜೆಲ್ಲಿಯನ್ನೇ ಬಳಸಬೇಕು. ಪರ್ಸಿನಲ್ಲಿ, ಬೈಕಿನ ಡಿಕ್ಕಿಯಲ್ಲಿ, ಜೀಪಿನ ಮುಂದಿನ ಖಾನೆಯಲ್ಲಿ ತಿಂಗಳುಗಟ್ಟಲೆ ಇಟ್ಟದ್ದನ್ನು ನಂಬಬಾರದು. ಬಿಸಿಯೂ ಉಜ್ಜಾಟವೂ ಅದನ್ನು ಹಾಳುಮಾಡುತ್ತವೆ. ಕಾಂಡೋಮ್ ಎಲ್ಲಕ್ಕೂ ರಾಮಬಾಣವೆಂದೂ ಅವರು ಹೇಳಲಿಲ್ಲ. ಎಚ್‌ಐವಿ, ಗೊನೊರಿಯಾ, ಕ್ಲಮೀಡಿಯಾಗಳಿಗೆ ಅದು ಒಳ್ಳೆಯ ರಕ್ಷಣೆ. ಹರ್ಪಿಸ್, ಸಿಫಿಲಿಸ್, ಎಚ್‌ಪಿವಿ ಮಾತ್ರ ಕಾಂಡೋಮ್ ಮುಚ್ಚದ ಚರ್ಮದಿಂದಲೂ ದಾಟಬಲ್ಲವು, ಆದ್ದರಿಂದ ಅಲ್ಲಿ ಅಪಾಯ ಕಡಿಮೆಯಾಗುತ್ತದೆಯೇ ಹೊರತು ಪೂರ್ತಿ ಹೋಗುವುದಿಲ್ಲ. ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗಬಲ್ಲ ವೈರಾಣುವಾದ ಎಚ್‌ಪಿವಿಗೆ ಲಸಿಕೆಯಿದೆ, ಸಂಪರ್ಕ ಆರಂಭವಾಗುವ ಮುನ್ನವೇ ಹೆಣ್ಣುಮಕ್ಕಳಿಗೆ ಕೊಡಿಸಿದರೆ ಹೆಚ್ಚು ಉಪಯೋಗ. ಮೂವತ್ತು ದಾಟಿದ ನಾನು ಅದೇ ಆಸ್ಪತ್ರೆಯಲ್ಲಿ ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಮಾಡಿಸಿಕೊಳ್ಳುವುದು ಒಳ್ಳೆಯದು ಎಂದರು.

ಕಾಂಡೋಮ್ ಹರಿದರೆ ಏನು ಮಾಡುವುದೆಂದು ಕೇಳಿದೆ. ಎಚ್‌ಐವಿ ತಗಲಿರುವ ಅಪಾಯವಿದ್ದರೆ 72 ಗಂಟೆಯೊಳಗೆ, ಅದರಲ್ಲಿಯೂ ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು, ವೈದ್ಯರನ್ನು ಕಾಣಬೇಕು; ಅವರು ಸಂದರ್ಭ ನೋಡಿ 28 ದಿನ ನುಂಗುವ ಔಷಧ ಆರಂಭಿಸುತ್ತಾರೆ. ಆಗುಂಬೆ, ಹೊಸನಗರಗಳ ಕಡೆಯ ಒಳಹಳ್ಳಿಗಳಲ್ಲಿ ಮಳೆಗಾಲದಲ್ಲಿ ಮರ ಬಿದ್ದು ಬಸ್ಸು ನಿಂತರೆ ಆ ಗಂಟೆಗಳಲ್ಲಿ ಒಂದು ದಿನ ದಾರಿಯಲ್ಲೇ ಹೋಗುತ್ತದೆಂಬುದನ್ನು ಅಲ್ಲಿನವರು ಲೆಕ್ಕದಲ್ಲಿಟ್ಟುಕೊಳ್ಳಬೇಕು.

ಬಿಳಿಸೆರಗಿನ ತೊಂದರೆಗೆ ಅವರು ನನ್ನನ್ನು ಅದೇ ಆಸ್ಪತ್ರೆಯ ಸುರಕ್ಷಾ ಕ್ಲಿನಿಕ್ಕಿಗೆ ಕಳುಹಿಸಿದರು. ಲೈಂಗಿಕ ಸೋಂಕು ಮತ್ತು ಜನನಾಂಗದ ಸೋಂಕುಗಳಿಗೆಂದೇ ಇರುವ ಸರ್ಕಾರಿ ಕ್ಲಿನಿಕ್ಕುಗಳಿಗೆ ಈ ಹೆಸರಿದೆ. ಇಲ್ಲಿ ಲಕ್ಷಣದ ಗುಂಪಿಗೆ ತಕ್ಕಂತೆ ಬಣ್ಣದ ಪೊಟ್ಟಣಗಳಲ್ಲಿ ಔಷಧ ಕೊಡುತ್ತಾರೆ: ಮೂತ್ರನಾಳದ ಅಥವಾ ಗರ್ಭಕಂಠದ ಸ್ರಾವಕ್ಕೆ ಬೂದು, ಯೋನಿಯ ಸ್ರಾವಕ್ಕೆ ಹಸಿರು, ಹುಣ್ಣಿಗೆ ಬಿಳಿ, ಪೆನಿಸಿಲಿನ್ ಒಗ್ಗದವರ ಹುಣ್ಣಿಗೆ ನೀಲಿ, ಹರ್ಪಿಸ್ ಹುಣ್ಣಿಗೆ ಕೆಂಪು, ಕಿಬ್ಬೊಟ್ಟೆಯ ನೋವಿಗೆ ಹಳದಿ, ತೊಡೆಸಂದಿಯ ಗಡ್ಡೆಗೆ ಕಪ್ಪು. ವೈದ್ಯೆ ಪರೀಕ್ಷೆ ಮಾಡಿ ನನಗೆ ಕೊಟ್ಟದ್ದು ಹಸಿರು ಪೊಟ್ಟಣ. ಒಳಗಿದ್ದ ಸೆಕ್ನಿಡಜೋಲ್ ಮತ್ತು ಫ್ಲೂಕೊನಜೋಲ್ ಮಾತ್ರೆಗಳನ್ನು ನುಂಗಿದ ಮೇಲೆ ಬಾಯಿಯಲ್ಲಿ ಹಳೆಯ ತಾಮ್ರದ ಚೊಂಬಿನ ರುಚಿ ಒಂದು ದಿನ ಉಳಿದಿತ್ತು. ತೊಂದರೆ ವಾರದೊಳಗೆ ಹೋಯಿತು, ಇದನ್ನು ಬರೆಯುವವರೆಗೆ ಮರಳಿಲ್ಲ. ಇಂಥ ಸ್ರಾವವೆಲ್ಲ ಲೈಂಗಿಕ ಸಂಪರ್ಕದಿಂದಲೇ ಬಂದದ್ದೆಂದು ತಿಳಿಯಬಾರದು, ಮದುವೆಯಾಗದ ಹುಡುಗಿಯರಲ್ಲಿಯೂ ಇರುತ್ತದೆ ಎಂದು ವೈದ್ಯೆ ಹೇಳಿದ್ದನ್ನು ಒತ್ತಿ ಬರೆಯುತ್ತಿದ್ದೇನೆ. ಆ ತಪ್ಪು ತಿಳಿವಳಿಕೆಯಿಂದಲೇ ನಾನು ಮೆಡಿಕಲ್ ಶಾಪಿನ ಅರ್ಧ ಮಾತಿನಲ್ಲಿ ಎರಡು ವರ್ಷ ಕಳೆದದ್ದು.

ಈ ಬಣ್ಣದ ಪೊಟ್ಟಣಗಳ ಪದ್ಧತಿಗೆ ಒಂದು ಮಿತಿಯಿದೆ. ಲಕ್ಷಣ ಇದ್ದವರಿಗೆ ಅದೇ ದಿನ ಔಷಧ ಸಿಗುತ್ತದೆ, ಅದು ಅದರ ದೊಡ್ಡ ಗುಣ. ಆದರೆ ಗೊನೊರಿಯಾ ಮತ್ತು ಕ್ಲಮೀಡಿಯಾ ಇರುವ ಅನೇಕ ಹೆಂಗಸರಿಗೆ ಲಕ್ಷಣವೇ ಇರುವುದಿಲ್ಲ. ಸದ್ದಿಲ್ಲದೆ ಗರ್ಭನಾಳದವರೆಗೆ ಹೋಗಿ ಬಂಜೆತನಕ್ಕೂ ದಾರಿಯಾಗಬಹುದು. ಸಿಫಿಲಿಸ್ಸಿನ ಮೊದಲ ಹುಣ್ಣು ನೋಯುವುದೂ ಇಲ್ಲ, ಕೆಲವು ವಾರಗಳಲ್ಲಿ ತಾನಾಗಿಯೇ ಮಾಯುತ್ತದೆ, ರೋಗ ಮಾತ್ರ ಒಳಗೇ ಇರುತ್ತದೆ. ಸಿಫಿಲಿಸ್ಸಿಗೆ ಇಲ್ಲಿ ರಕ್ತಪರೀಕ್ಷೆ ಮಾಡಿದರು. ಕ್ಲಮೀಡಿಯಾ ಪರೀಕ್ಷೆ ಆ ಕ್ಲಿನಿಕ್ಕಿನಲ್ಲಿ ಇರಲಿಲ್ಲ. ಕೇಳಿದಾಗ ವೈದ್ಯೆ ಅದನ್ನು ಮುಚ್ಚಿಡದೆ ಹೇಳಿದರು.

ಬಸ್ ನಿಲ್ದಾಣದ ಮೂತ್ರಾಲಯಗಳ ಗೋಡೆಯ ಮೇಲೆ ಗುಪ್ತರೋಗ ಗ್ಯಾರಂಟಿ ಗುಣ ಎಂದು ಅಂಟಿಸಿರುವ ಚೀಟಿಗಳೊಂದಿಗೆ ಈ ಸೇವೆಯನ್ನು ಹೋಲಿಸಿ ನೋಡಬೇಕು. ಲೈಂಗಿಕ ರೋಗ ವಾಸಿ ಮಾಡುತ್ತೇವೆಂದು ಔಷಧದ ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೊಂದು ನಿಷೇಧಿಸಿದೆ. ಆ ಚೀಟಿಗಳು ಇಂದಿಗೂ ಮಳೆಗೆ ತೊಯ್ದು ಹರಿದ ಮೇಲೆ ಹೊಸದಾಗಿ ಅಂಟುತ್ತಲೇ ಇವೆ. ಅವುಗಳನ್ನು ಯಾರೂ ನೋಡದ ಜಾಗದಲ್ಲಿ ಒಂಟಿಯಾಗಿ ನಿಂತು ಓದಬಹುದು. ಆಸ್ಪತ್ರೆಯ ಬೋರ್ಡನ್ನು ನಲವತ್ತು ಜನರ ಎದುರು ಓದಬೇಕು.

ಉಚಿತ ನಿರೋಧ್ ಬಗ್ಗೆ ಎರಡು ಮಾತು. ಕೊಠಡಿಯಲ್ಲಿ ಕೇಳಿದಷ್ಟು ಕೊಟ್ಟರು. ಹೊರಗೆ ಶೌಚಾಲಯದ ಪಕ್ಕದಲ್ಲಿ ಯಾರನ್ನೂ ಕೇಳದೆ ತೆಗೆದುಕೊಳ್ಳಲೆಂದು ಇಟ್ಟ ಪೆಟ್ಟಿಗೆ ಮೊದಲ ಸಲ ಖಾಲಿಯಿತ್ತು, ಎರಡನೇ ಸಲ ಅದರಲ್ಲಿ ಯಾರೋ ಮಡಚಿಟ್ಟ ಬಸ್ ಟಿಕೆಟ್ಟುಗಳಿದ್ದವು. ನಿರೋಧ್ 1968ರಷ್ಟು ಹಿಂದೆಯೇ ಮಾರುಕಟ್ಟೆಗೆ ಬಂದದ್ದು. ಅದನ್ನು ತಯಾರಿಸುತ್ತಾ ಬಂದ ಸರ್ಕಾರಿ ಸ್ವಾಮ್ಯದ ಎಚ್‌ಎಲ್‌ಎಲ್ ಸಂಸ್ಥೆಯ ಕಾರ್ಖಾನೆಯೊಂದು ನಮ್ಮದೇ ಬೆಳಗಾವಿ ಜಿಲ್ಲೆಯ ಕಣಗಲಾದಲ್ಲಿದೆ. ಅಂಗಡಿಯ ದುಬಾರಿ ಕಾಂಡೋಮುಗಳಿಗಿಂತ ಇದರಲ್ಲಿ ರಬ್ಬರಿನ ವಾಸನೆ ತುಸು ಹೆಚ್ಚು, ಪೊಟ್ಟಣವೂ ಸಪ್ಪೆ. ರಕ್ಷಣೆಯ ಮಟ್ಟಿಗೆ ಹಣ ಕೊಟ್ಟು ತಂದದ್ದಕ್ಕಿಂತ ಇದು ಕಡಿಮೆಯೆಂದು ಭಾವಿಸಬೇಕಾಗಿಲ್ಲ. ಮೆಡಿಕಲ್ ಶಾಪಿನಲ್ಲಿ ಅದನ್ನು ಪೇಪರಿನಲ್ಲಿ ಸುತ್ತಿ, ಮೇಲೊಂದು ಕಪ್ಪು ಕವರ್ ಹಾಕಿ, ರಬ್ಬರ್‌ಬ್ಯಾಂಡ್ ಬಿಗಿದು ಕೊಡುತ್ತಾರೆ. ಹಾಗೆ ಸುತ್ತಿದ ಪೊಟ್ಟಣದಲ್ಲಿ ಏನಿದೆಯೆಂಬುದು ಬೀದಿಯಲ್ಲಿ ಎಲ್ಲರಿಗೂ ಗೊತ್ತು.

ರಕ್ತ ಕೊಟ್ಟು ಒಂದು ಗಂಟೆಯ ನಂತರ ಫಲಿತಾಂಶವನ್ನು ಒಬ್ಬೊಬ್ಬರನ್ನೇ ಒಳಗೆ ಕರೆದು ಹೇಳಿದರು. ಫೋನಿನಲ್ಲಿ ಹೇಳುವುದಿಲ್ಲ, ಜೊತೆಗೆ ಬಂದವರಿಗೂ ಹೇಳುವುದಿಲ್ಲ. ನನ್ನದು ಮೊದಲಿನಂತೆಯೇ ಇತ್ತು. ನನ್ನನ್ನು ಮದುವೆಯಾಗಲಿರುವವರು ಹೊರಗೆ ಬಂದಾಗ ಕೈಯಲ್ಲಿದ್ದ ಚೀಟಿಯ ಕೆಳಗೆ ಮೂರು ತಿಂಗಳ ನಂತರದ ಒಂದು ದಿನಾಂಕ ಬರೆದಿತ್ತು. ವಿಂಡೋ ಅವಧಿಯ ಪಾಠವನ್ನು ಒಂದು ಗಂಟೆಯ ಹಿಂದಷ್ಟೇ ಕೇಳಿದ್ದವಳಿಗೆ ಆ ದಿನಾಂಕದ ಅರ್ಥ ತಿಳಿಯಲು ಯಾರೂ ಹೇಳಬೇಕಾಗಿರಲಿಲ್ಲ. ನಾನು ಏನನ್ನೂ ಕೇಳಲಿಲ್ಲ. ಬಸ್ಸಿನಲ್ಲಿ ಅರ್ಧ ದಾರಿ ಸುಮ್ಮನೆ ಕುಳಿತಿದ್ದವರು, ತುಂಗೆಯ ಸೇತುವೆ ದಾಟಿದ ಮೇಲೆ ತಾವಾಗಿಯೇ ಹೇಳಿದರು. ಹೇಳಿದ್ದು ನಮ್ಮಿಬ್ಬರಲ್ಲೇ ಇರುತ್ತದೆ. ಅಕ್ಟೋಬರಿನಲ್ಲಿ ಮತ್ತೆ ಹೋದೆವು. ಆ ಫಲಿತಾಂಶವನ್ನು ಅವರು ನನಗೆ ತೋರಿಸಿದರು. ಅದನ್ನು ಇಲ್ಲಿ ಬರೆಯುವ ಹಕ್ಕು ನನ್ನದಲ್ಲ. ಮದುವೆ ಮಾರ್ಗಶಿರದಲ್ಲಿ ಇದೆ.

ಕೇಂದ್ರದವರು ಇದನ್ನು ಓದುವುದಾದರೆ ಕೇಳಿಕೊಳ್ಳುವುದು ಇಷ್ಟೇ. ಬಾಗಿಲ ಮೇಲಿನ ಬೋರ್ಡನ್ನು ತೆಗೆದು ರಕ್ತಪರೀಕ್ಷೆ ಎಂದಷ್ಟೇ ಬರೆಯಿರಿ, ಅಥವಾ ಬರೀ 5 ಎಂದಿರಲಿ. ಚೀಟಿಯ ಕೌಂಟರಿನಲ್ಲಿ ತಿಂಗಳು ಕೇಳುವುದನ್ನು ನಿಲ್ಲಿಸಿ. ಪೆಟ್ಟಿಗೆಯನ್ನು ವಾರಕ್ಕೊಮ್ಮೆ ತುಂಬಿಸಿ. ಕಾರಿಡಾರಿನವರೆಗೆ ಬರಲು ಧೈರ್ಯವಾಗದವರು 1097ಕ್ಕೆ ಕರೆ ಮಾಡಬಹುದು. ಅದು ಶುಲ್ಕವಿಲ್ಲದ ರಾಷ್ಟ್ರೀಯ ಸಹಾಯವಾಣಿ, ನಾನು ಮೊದಲ ಸಲ ಹೋಗುವ ಮುನ್ನ ಮಾಡಿದ್ದೆ, ಕನ್ನಡದಲ್ಲೇ ಮಾತಾಡಿದರು.

ಮೊದಲ ದಿನ ಹೊರಡುವಾಗ ಆಪ್ತಸಮಾಲೋಚಕಿ ಒಂದು ಮಾತು ಹೇಳಿದ್ದರು: "ಪೇಟೇಲಿ ಎಲ್ಲಾದ್ರೂ ಸಿಕ್ರೆ ನಾನು ನಿಮ್ಮನ್ನ ಮಾತಾಡ್ಸಲ್ಲ. ಬೇಜಾರ್ ಮಾಡ್ಕೋಬೇಡಿ. ನೀವಾಗೇ ಮಾತಾಡ್ಸಿದ್ರೆ ಮಾತಾಡ್ತೀನಿ." ದೀಪಾವಳಿಯ ಹಿಂದಿನ ಸಂಜೆ ಗಾಂಧಿ ಬಜಾರಿನಲ್ಲಿ ಅಮ್ಮನ ಜೊತೆ ಹಣತೆ ಕೊಳ್ಳುತ್ತಿದ್ದೆ. ಅವರು ಅದೇ ಅಂಗಡಿಯಲ್ಲಿ, ಒಂದು ಮೊಳ ದೂರದಲ್ಲಿ, ಹಣತೆಗಳನ್ನು ಒಂದೊಂದಾಗಿ ಬೆರಳಿನಿಂದ ತಟ್ಟಿ ಸದ್ದು ಕೇಳಿ ಆರಿಸುತ್ತಿದ್ದರು. ನನ್ನನ್ನು ನೋಡಿದರು. ಅವರ ಕಣ್ಣು ನನ್ನ ಮುಖದಿಂದ ಅಮ್ಮನ ಮುಖಕ್ಕೆ, ಅಲ್ಲಿಂದ ಹಣತೆಯ ರಾಶಿಗೆ ಎಲ್ಲಿಯೂ ನಿಲ್ಲದೆ ಹರಿದುಹೋಯಿತು. "ಡಜನ್ನಿಗೆ ಎಷ್ಟಪ್ಪ?" ಎಂದು ಅಂಗಡಿಯವನನ್ನು ಕೇಳಿದರು.